ಬಗ್ಗಿ ದುಡಿಯುವವನ ಒಡವೆ

ಹೆಂಗಸರ ಒಡವೆಗಳ ಹೆಸರು ಹೇಳುತ್ತ ಹೋದರೆ ಈ ಪತ್ರಿಕೆಯ ಒಂದು ಪುಟ ಸಾಲದು. ಗಂಡಸರ ಪಾಲಿಗೆ ಬಂದುದು ಉಂಗುರ, ಕೆಲವರಿಗೆ ಕೊರಳ ಸರ, ಹಿಂದಿನವರಿಗೆ ಕಿವಿಯ ಒಂಟಿ, ಅಂಗಿಯ ಚಿನ್ನದ ಗುಂಡಿ, ಇಷ್ಟೇ. ಈ ಬಡ ಪಟ್ಟಿಯ ತೀರ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬ ಸಂಕೋಚದಿಂದ ಸೇರಿಸಬೇಕಾದ ಇನ್ನೊಂದು ವಸ್ತುವಿದೆ. ಅದು ಟೈ ಪಿನ್ನು. ಮುಂಬಯಿಯಲ್ಲಿ ಎರಡು ಮೂರು ತಲೆಮಾರು ಕಳೆದ ನಮ್ಮ ಮನೆಗಳಲ್ಲಿ ಉಕ್ಕಿನ ಕಪಾಟಿನ ಒಳಖಾನೆಯನ್ನು ತಡಕಿದರೆ, ನಿಂತುಹೋದ ಕೈಗಡಿಯಾರ, ಮುಗಿದುಹೋದ ರೈಲು ಪಾಸು, ಬೀಗ ಕಳೆದುಹೋದ ಬೀಗದ ಕೈ ಇವುಗಳ ನಡುವೆ ಎರಡಂಗುಲದ ಒಂದು ಹಳದಿ ಲೋಹದ ಪಟ್ಟಿ ಸಿಕ್ಕೀತು. ಮಕ್ಕಳು ಅದನ್ನೆತ್ತಿಕೊಂಡು, ‘ಇದೇನು, ಕೂದಲಿಗೆ ಹಾಕುವುದೇ?’ ಎಂದು ಕೇಳುತ್ತಾರೆ. ಕೇಳಲಿ, ತಪ್ಪಿಲ್ಲ. ಅದರ ಕೆಲಸವೇ ಕಣ್ಣಿಗೆ ಬೀಳದಂತೆ ಇರುವುದು.

ಕೆಲಸವಾದರೂ ಏನು? ಕೊರಳಲ್ಲಿ ಗಂಟಿಕ್ಕಿ ಇಳಿಬಿಟ್ಟ ಟೈಯನ್ನು ಅಂಗಿಯ ಗುಂಡಿಪಟ್ಟಿಗೆ ಸೇರಿಸಿ ಹಿಡಿದಿಡುವುದು. ಟೈ ಗಾಳಿಗೆ ಹಾರಬಾರದು, ಬಗ್ಗಿದಾಗ ಮುಂದಕ್ಕೆ ಜೋಲಬಾರದು, ಪಕ್ಕಕ್ಕೆ ಸರಿಯಬಾರದು. ಇದನ್ನು ಮಾಡುವ ವಸ್ತುಗಳಲ್ಲಿ ಮೂರು ಮುಖ್ಯ ಜಾತಿಗಳಿವೆ. ಉದ್ದನೆಯ ಸೂಜಿಯ ತಲೆಗೆ ಮುತ್ತನ್ನೋ ಹರಳನ್ನೋ ಕೂರಿಸಿದ್ದು ಹಳೆಯದು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಶ್ರೀಮಂತರದು. ಸೂಜಿ ಜಾರದಿರಲೆಂದು ಅದರ ಕಡ್ಡಿಯನ್ನು ಹುರಿಯಂತೆ ತಿರುಚಿ ಮಾಡುತ್ತಿದ್ದರು. ಎರಡನೆಯದು ಚಿಮಟದಂತೆ ಕಚ್ಚುವ ಕ್ಲಿಪ್ಪು. ನಮ್ಮ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. ಮೂರನೆಯದು ಗಿಡ್ಡ ಮೊಳೆಯೊಂದನ್ನು ಟೈಯ ಮೂಲಕ ಚುಚ್ಚಿ ಹಿಂದಿನಿಂದ ಬಿರಡೆ ಹಾಕುವುದು. ಅದರ ಜೊತೆಗೆ ಒಂದು ಸಣ್ಣ ಸರಪಳಿಯೂ, ಅಂಗಿಯ ಗುಂಡಿತೂತಿಗೆ ಸಿಕ್ಕಿಸುವ ಕಡ್ಡಿಯೂ ಇರುತ್ತವೆ. ಇವೆಲ್ಲವನ್ನೂ ನಾವು ಒಟ್ಟಾಗಿ ‘ಟೈ ಪಿನ್ನು’ ಎಂದೇ ಕರೆಯುತ್ತ ಬಂದಿದ್ದೇವೆ. ನಾನೂ ಹಾಗೆಯೇ ಕರೆಯುತ್ತೇನೆ.

ಟೈಯ ಮೂಲ ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿಗೆ ಹೋದ ಕ್ರೊಯೇಷಿಯಾದ ಕೂಲಿ ಸಿಪಾಯಿಗಳ ಕೊರಳವಸ್ತ್ರವೆಂದು ಹೇಳುತ್ತಾರೆ. ‘ಕ್ರವಾಟ್’ ಎಂಬ ಮಾತೇ ಆ ಜನರ ಹೆಸರಿನಿಂದ ಬಂದುದು. ಅಲ್ಲಿಂದ ಅದು ಅರಮನೆಗೆ ಹೋಯಿತು, ಅರಮನೆಯಿಂದ ಕಚೇರಿಗೆ ಇಳಿಯಿತು. ಈಗಿನ ಉದ್ದನೆಯ ಟೈಯನ್ನು ೧೯೨೦ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ಟೈಗಾರ ರೂಪಿಸಿದ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಮೂರು ತುಂಡುಗಳನ್ನು ಕೂಡಿಸಿ ಹೊಲಿದರೆ ಟೈ ತಿರುಚಿಕೊಳ್ಳದೆ ನೆಟ್ಟಗೆ ಇಳಿಯುತ್ತದೆ ಎಂಬುದು ಅವನ ಯುಕ್ತಿ. ನೆಟ್ಟಗೆ ಇಳಿಯುತ್ತದೆ, ಸರಿ. ಆದರೆ ಅದನ್ನು ಕಟ್ಟಿಕೊಂಡವನು ನೆಟ್ಟಗೆ ನಿಂತಿರುವಷ್ಟು ಹೊತ್ತು ಮಾತ್ರ. ಬಗ್ಗಿದೊಡನೆ ಅದು ಗಡಿಯಾರದ ಲೋಲಕವಾಗುತ್ತದೆ. ಟೈ ಎಂಬುದು ಬಗ್ಗಬೇಕಾಗಿಲ್ಲದವನಿಗಾಗಿ ಹುಟ್ಟಿದ ಉಡುಪು; ಬಗ್ಗಿ ದುಡಿಯುವವನು ಅದನ್ನು ಕಟ್ಟಿಕೊಳ್ಳಬೇಕಾಗಿ ಬಂದಾಗ ಪಿನ್ನು ಬೇಕಾಯಿತು. ನನ್ನ ಮಾತೆಲ್ಲ ಇಷ್ಟೇ. ಉಳಿದುದು ಇದಕ್ಕೆ ನಮ್ಮ ಊರಿನ ಸಾಕ್ಷಿ.

ತಂಪು ದೇಶದ ದೊರೆಗಳಿಗೆ ಪಿನ್ನು ಅಲಂಕಾರವಾಗಿತ್ತೇ ಹೊರತು ಅನಿವಾರ್ಯವಾಗಿರಲಿಲ್ಲ. ಕೋಟಿನ ಒಳಗೆ ಗುಂಡಿ ಬಿಗಿದ ವೇಸ್ಟ್‌ಕೋಟು ಇರುತ್ತಿತ್ತು, ಟೈಯನ್ನು ಅದೇ ಒತ್ತಿ ಹಿಡಿಯುತ್ತಿತ್ತು. ಮುಂಬಯಿಯ ಮೇ ತಿಂಗಳಲ್ಲಿ ಅಂಗಿಯ ಮೇಲೆ ವೇಸ್ಟ್‌ಕೋಟು, ಅದರ ಮೇಲೆ ಕೋಟು ತೊಟ್ಟು ಓಡಾಡುವುದೆಂದರೆ ಒಂದು ತಪಸ್ಸು. ಆ ತಪಸ್ಸನ್ನು ಮಾಡಿದವರೂ ಇದ್ದರು. ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಇಂಜಿನಿಯರರಾಗಿ ಸೇರಿ ೧೯೦೮ರವರೆಗೆ ದುಡಿದ ನಮ್ಮ ವಿಶ್ವೇಶ್ವರಯ್ಯನವರ ಚಿತ್ರ ಯಾರಿಗೆ ಗೊತ್ತಿಲ್ಲ? ಮೈಮೇಲೆ ಕೋಟು, ಕೊರಳಲ್ಲಿ ಟೈ, ತಲೆಯ ಮೇಲೆ ಮೈಸೂರಿನ ಪೇಟ. ದಾದರಿನ ಹಿಂದೂ ಕಾಲನಿಯ ರಾಜಗೃಹದಲ್ಲಿ ಬಾಳಿದ ಡಾಕ್ಟರ್ ಅಂಬೇಡ್ಕರರ ಕೋಟು-ಟೈಗಳಂತೂ ಈಗ ಒಂದು ಸಂಕೇತವೇ ಆಗಿವೆ. ಪ್ರತಿ ಡಿಸೆಂಬರ್ ೬ರಂದು ಚೈತ್ಯಭೂಮಿಗೆ ಬರುವ ಜನಸಾಗರದ ಕೈಯಲ್ಲಿರುವ ಚಿಕ್ಕ ವಿಗ್ರಹಗಳಿಗೂ ನೀಲಿ ಕೋಟು, ಕೊರಳಲ್ಲಿ ಟೈ. ಊರ ಹೊರಗೆ ನಿಲ್ಲಿಸಲ್ಪಟ್ಟವರ ಪಾಲಿಗೆ ಆ ಉಡುಪು ಶೋಕಿಯಲ್ಲ, ತಲೆಯೆತ್ತಿ ನಿಲ್ಲುವ ಹಕ್ಕು.

ದೊಡ್ಡವರ ಮಾತು ಅಲ್ಲಿಗಿರಲಿ. ನಮ್ಮವರ ಮಾತಿಗೆ ಬರೋಣ.

ಉಡುಪಿ, ಕುಂದಾಪುರ, ಮಂಗಳೂರು, ಕಾರವಾರಗಳ ಕಡೆಯಿಂದ ಹಡಗಿನಲ್ಲೋ ಬಸ್ಸಿನಲ್ಲೋ ಈ ಊರಿಗೆ ಬಂದ ಹುಡುಗರಲ್ಲಿ ಎಷ್ಟೋ ಮಂದಿಗೆ ಮೊದಲ ಉಡುಪು ಹೋಟೆಲಿನ ಬನಿಯನ್ನು, ಚಡ್ಡಿ, ಹೆಗಲ ಮೇಲೊಂದು ಒದ್ದೆ ಬಟ್ಟೆ. ಹಗಲು ಮೇಜು ಒರೆಸಿ, ರಾತ್ರಿ ಫೋರ್ಟಿನ ರಾತ್ರಿಶಾಲೆಗಳಲ್ಲಿ ಓದಿದರು. ೧೯೦೨ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರು ನಡೆಸಿದ ರಾತ್ರಿಶಾಲೆಯೂ, ಮುಂದೆ ಇತರ ಸಂಘಗಳವರು ತೆರೆದ ಶಾಲೆಗಳೂ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಮನೆಗಳ ಕತೆ ಬೇರೆಯಾಗಿರುತ್ತಿತ್ತೋ! ಮೆಟ್ರಿಕ್ ಆಯಿತು, ಟೈಪಿಂಗ್ ಆಯಿತು, ಶಾರ್ಟ್‌ಹ್ಯಾಂಡ್ ಆಯಿತು. ಬಲ್ಲಾರ್ಡ್ ಎಸ್ಟೇಟಿನ ಯಾವುದೋ ಕಂಪೆನಿಯಿಂದ ಸಂದರ್ಶನದ ಕಾಗದ ಬಂತು. ಆಗ ಬೇಕಾಯಿತು ಟೈ.

ಎಲ್ಲ ಆಫೀಸಿಗೂ ಟೈ ಬೇಕಿತ್ತೆಂದಲ್ಲ. ಸರಕಾರಿ ಗುಮಾಸ್ತನಿಗೂ ಮಿಲ್ಲಿನ ಲೆಕ್ಕಿಗನಿಗೂ ಅದರ ಹಂಗಿರಲಿಲ್ಲ. ಪರದೇಶಿ ಕಂಪೆನಿಯವರಿಗೆ, ಔಷಧ ಮಾರುವವರಿಗೆ, ದೊಡ್ಡ ಹೋಟೆಲಿನ ಮುಂದಿನ ಮೇಜಿನವರಿಗೆ ಬೇಕಿತ್ತು. ಟೈ ಇದ್ದರೂ ಗಂಟು ಹಾಕಲು ಕಲಿಸುವವರು ಮನೆಯಲ್ಲಿ ಯಾರು? ಒಂದೇ ಖೋಲಿಯಲ್ಲಿದ್ದ ಏಳೆಂಟು ಮಂದಿಯಲ್ಲಿ ಬಲ್ಲವನೊಬ್ಬ ಎಲ್ಲರಿಗೂ ಗಂಟು ಹಾಕಿಕೊಡುತ್ತಿದ್ದನೆಂದೂ, ಅದನ್ನು ಬಿಚ್ಚದೆ ಸಡಿಲಿಸಿ ತಲೆಯ ಮೇಲಿಂದ ತೆಗೆದು ಮೊಳೆಗೆ ತೂಗಹಾಕುತ್ತಿದ್ದರೆಂದೂ ಹಿರಿಯರು ಹೇಳಿ ನಗುವುದನ್ನು ಕೇಳಿದ್ದೇನೆ. ಗೋಡೆಯ ಮೇಲೆ ಸಾಲಾಗಿ ತೂಗುವ ಆ ಕುಣಿಕೆಗಳನ್ನು ಊರಿನಿಂದ ಬಂದ ತಾಯಿಯೊಬ್ಬಳು ಕಂಡಿದ್ದರೆ ಹೆದರಿಬಿಡುತ್ತಿದ್ದಳು.

ಈ ಟೈಯ ಒಡೆಯ ದೊರೆಯಂತೆ ಕುಳಿತಿರುವವನಲ್ಲ. ಅವನು ಲೆಡ್ಜರಿನ ಮೇಲೆ ಬಗ್ಗಬೇಕು, ಕೆಳಗಿನ ಖಾನೆಯಿಂದ ಫೈಲು ಎತ್ತಬೇಕು, ನಕ್ಷೆಯ ಮೇಲೆ ಒರಗಿ ಗೆರೆ ಎಳೆಯಬೇಕು. ನಕ್ಷೆಗಾರನ ಟೈ ಒಮ್ಮೆ ಹಸಿ ಇಂಡಿಯನ್ ಇಂಕಿನ ಮೇಲೆ ಹಾದುಹೋದರೆ ಒಂದು ದಿನದ ದುಡಿಮೆ ಹಾಳು. ಕ್ಯಾಷಿಯರನ ಟೈ ಶಾಯಿಪ್ಯಾಡಿಗೆ ಬಿದ್ದರೆ ಟೈಯೂ ಹಾಳು, ಕೆಳಗಿನ ಅಂಗಿಯೂ ಹಾಳು. ತಲೆಯ ಮೇಲೆ ಗಿರಿಗಿರಿ ತಿರುಗುವ ಫ್ಯಾನು, ಕಿಟಕಿಯಿಂದ ಮಧ್ಯಾಹ್ನದ ಸಮುದ್ರದ ಗಾಳಿ. ಕಾಗದಕ್ಕೆ ಪೇಪರ್‌ವೇಟ್ ಬೇಕಾದಲ್ಲಿ ಟೈಗೂ ಬೇಕು. ಪಿನ್ನು ಅಂಥವನಿಗೆ ಎರಡು ಕೈಗಳನ್ನೂ ಬಿಡಿಸಿಕೊಟ್ಟಿತು. ಇಲ್ಲವಾದರೆ ಒಂದು ಕೈ ಸದಾ ಎದೆಯ ಮೇಲೆ, ಭರತನಾಟ್ಯದ ಯಾವುದೋ ಮುದ್ರೆಯಂತೆ!

ಊಟದ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಮಾಟುಂಗ ಸ್ಟೇಷನ್ನಿನ ಬಳಿ ೧೯೪೨ರಲ್ಲಿ ರಾಮಾ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕುಳಿತವರಿಗೆ ಇದರ ಅನುಭವ ಉಂಟು. ಸಾರು ಎಲೆಯ ಅಂಚಿಗೆ ಓಡತೊಡಗಿದಾಗ ಅನ್ನದಿಂದ ಕಟ್ಟೆ ಕಟ್ಟಲು ಮುಂದಕ್ಕೆ ಬಗ್ಗಲೇಬೇಕು. ಬಗ್ಗಿದರೆ ನಮಗಿಂತ ಮೊದಲು ಟೈ ಸಾರಿನ ರುಚಿ ನೋಡುತ್ತದೆ. ಕೆಲವರು ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದು ಉಣ್ಣುತ್ತಾರೆ. ಹಿಂದೆ ಜಾಗಕ್ಕಾಗಿ ಕಾದು ನಿಂತವನಿಗೆ ಅದು ಶೋಭೆಯಲ್ಲ. ಮುಳ್ಳುಚಮಚದಿಂದ ನೆಟ್ಟಗೆ ಕುಳಿತು ತಿನ್ನುವ ಜನ ಕಂಡುಹಿಡಿದ ಉಡುಪಿಗೆ, ಕೈಯಿಂದ ಕಲಸಿ ಉಣ್ಣುವ ನಾವು ಮಾಡಿಕೊಂಡ ಸಂಧಾನವೆಂದರೆ ಈ ಪಿನ್ನು.

ಆಮೇಲೆ ರೈಲು. ೧೯೨೫ರ ಫೆಬ್ರವರಿ ೩ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿದ ದಿನದಿಂದ ಈ ನಗರದ ಆಫೀಸು ಹೋಗುವವನ ಪಾಡು ಬಾಗಿಲಲ್ಲಿ ನಿಲ್ಲುವುದೇ. ಬಾಗಿಲ ಗಾಳಿಗೆ ಟೈ ಮೊದಲು ಬಾವುಟವಾಗುತ್ತದೆ, ಆಮೇಲೆ ಪಕ್ಕದವನ ಮೂಗಿಗೆ ಬಡಿಯುತ್ತದೆ. ಇಲ್ಲಿ ಪಿನ್ನು ಉಪಕಾರಿ. ಆದರೆ ದಾದರಿನಲ್ಲಿ ಜನ ನುಗ್ಗುವಾಗ ಪಿನ್ನಿನ ಮೇಲೆ ಭರವಸೆ ಇಡಬೇಡಿ ಎಂದು ನಾನು ತರುಣರಿಗೆ ಹೇಳುತ್ತೇನೆ. ಟೈಯ ತುದಿ ಯಾರದೋ ಚೀಲದ ಜಿಪ್ಪಿಗೆ ಸಿಕ್ಕಿ, ಆ ಚೀಲದವನು ಇಳಿದುಹೋಗುತ್ತಿದ್ದರೆ, ಎರಡಂಗುಲದ ಕ್ಲಿಪ್ಪು ಏನು ಮಾಡೀತು? ಗಂಟು ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಎರಡನೆಯ, ಮೂರನೆಯ ಗುಂಡಿಗಳ ನಡುವೆ ಟೈಯ ಕೆಳಭಾಗವನ್ನು ಅಂಗಿಯೊಳಕ್ಕೆ ತೂರಿಸಿಬಿಡುವುದು ಮೇಲು. ಟೈಯನ್ನು ಚೀಲದಲ್ಲಿಟ್ಟುಕೊಂಡು ಚರ್ಚ್‌ಗೇಟಿನಲ್ಲಿ ಇಳಿದ ಮೇಲೆ ಕಟ್ಟಿಕೊಳ್ಳುವುದು ಇನ್ನೂ ಮೇಲು. ಜಾಣರು ಇದನ್ನೇ ಮಾಡುತ್ತಾರೆ. ೨೦೧೭ರ ಡಿಸೆಂಬರ್ ೨೫ರಿಂದ ಪಶ್ಚಿಮ ರೈಲ್ವೆಯಲ್ಲಿ ಹವಾನಿಯಂತ್ರಿತ ಲೋಕಲು ಓಡುತ್ತಿದೆ, ಅದರಲ್ಲಿ ಗಾಳಿಯ ಕಾಟವಿಲ್ಲ. ಆದರೆ ಬಾಗಿಲು ತಾನಾಗಿ ಮುಚ್ಚುತ್ತದೆ. ಮುಚ್ಚುವ ಬಾಗಿಲಿನೆದುರು ಜೋಲುವ ಟೈ ಒಳ್ಳೆಯದಲ್ಲ. ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಉಳಿದಿರುವ ಜಾಲರಿ ಬಾಗಿಲಿನ ಲಿಫ್ಟಿನ ಮುಂದೆಯೂ ಇದೇ ಎಚ್ಚರ ಬೇಕು.

ಇದು ತಮಾಷೆಯ ಮಾತಲ್ಲ. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ ೧೯೨೭ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಕಾರಿನಲ್ಲಿ ಹೊರಟಾಗ, ಅವಳ ಕೊರಳಿನ ಉದ್ದನೆಯ ವಸ್ತ್ರ ಗಾಲಿಗೆ ಸುತ್ತಿಕೊಂಡು ಪ್ರಾಣವೇ ಹೋಯಿತು. ಯಂತ್ರಗಳ ಬಳಿ ಕೆಲಸ ಮಾಡುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಐದು ಸೆಂಟಿಮೀಟರ್ ದಪ್ಪದ ತಿರುಗುಕಂಬ ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆಂದರೆ, ಸೆಕೆಂಡಿಗೆ ಐದು ಸುತ್ತು. ಒಂದೊಂದು ಸುತ್ತಿಗೆ ಹದಿನೈದು ಸೆಂಟಿಮೀಟರಿಗೂ ಹೆಚ್ಚು ಬಟ್ಟೆಯನ್ನು ಅದು ಎಳೆದುಕೊಳ್ಳುತ್ತದೆ. ಎದೆಯ ಮೇಲೆ ಜೋಲುವ ಟೈಯ ಉದ್ದ ಸುಮಾರು ಐವತ್ತು ಸೆಂಟಿಮೀಟರು. ಒಂದು ಸೆಕೆಂಡು ತುಂಬುವುದರೊಳಗೆ ಮುಖ ಯಂತ್ರದ ಮೇಲಿರುತ್ತದೆ. ‘ಅಯ್ಯೋ’ ಎನ್ನಲೂ ಹೊತ್ತಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆ ಚಲಿಸುತ್ತಿರುವ ಯಂತ್ರಗಳ ಬಳಿ ಕೆಲಸ ಮಾಡುವವನಿಗೆ ಮೈಗೆ ಬಿಗಿಯಾದ ಉಡುಪನ್ನೇ ವಿಧಿಸಿದ್ದು ಸುಮ್ಮನಲ್ಲ. ಅಂಧೇರಿ, ಠಾಣೆ, ಡೊಂಬಿವಲಿಗಳ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಹುಡುಗರು ಮೇಲಿನ ಆಫೀಸಿನಿಂದ ಕೆಳಗಿನ ಯಂತ್ರಶಾಲೆಗೆ ಇಳಿಯುವಾಗ ಪಿನ್ನನ್ನು ನಂಬಿ ಇಳಿಯಕೂಡದು, ಟೈಯನ್ನೇ ಕಳಚಿಡಬೇಕು. ಬಿಡಲಾಗದ ಶಿಸ್ತಿದ್ದರೆ, ಗಂಟಿನ ಹಿಂದೆ ಕೊಕ್ಕೆಯಿರುವ ಸಿದ್ಧ ಟೈ ದೊರೆಯುತ್ತದೆ. ಎಳೆದರೆ ಅದು ಕೊರಳು ಬಿಟ್ಟು ಕೈಗೆ ಬರುತ್ತದೆ. ಪರದೇಶದ ಪೊಲೀಸರಲ್ಲಿ ಅನೇಕರು ಇದನ್ನೇ ಕಟ್ಟುತ್ತಾರೆ, ಕಳ್ಳ ಕೊರಳು ಹಿಡಿದು ಎಳೆಯಬಾರದೆಂದು.

ಟೈಯ ಇನ್ನೊಂದು ಅಪಾಯ ಆಸ್ಪತ್ರೆಯದು. ಟೈಯನ್ನು ಅಂಗಿಯಂತೆ ದಿನಾ ಒಗೆಯುವವರಿಲ್ಲ. ೨೦೦೪ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರ ವೈದ್ಯವರ್ಗದವರ ನಲವತ್ತೆರಡು ಟೈಗಳನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟರಲ್ಲಿ ರೋಗಾಣುಗಳು ಕಂಡವು. ಅಲ್ಲಿಯ ಕಾವಲುಗಾರರ ಟೈಗಳಲ್ಲಿ ಹತ್ತರಲ್ಲಿ ಒಂದರಲ್ಲಿ ಮಾತ್ರ. ಕಾರಣ ಸ್ಪಷ್ಟ. ಕಾವಲುಗಾರ ನೆಟ್ಟಗೆ ನಿಲ್ಲುತ್ತಾನೆ, ವೈದ್ಯ ರೋಗಿಯ ಮೇಲೆ ಬಗ್ಗುತ್ತಾನೆ. ೨೦೦೭ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ರೋಗಿಗಳನ್ನು ನೋಡುವಾಗ ವೈದ್ಯರು ಟೈ ಕಟ್ಟುವುದು ಬೇಡವೆಂದು ಸೂಚಿಸಿತು. ನಮ್ಮ ಮುಂಬಯಿಯ ವೈದ್ಯರಲ್ಲಿ ಬಹುಮಂದಿ ಅದನ್ನು ಬಿಟ್ಟೇಬಿಟ್ಟಿದ್ದಾರೆ. ಈಗ ಟೈ ಉಳಿದಿರುವುದು ದವಾಖಾನೆಯ ಹೊರಗೆ ಬೆಂಚಿನ ತುದಿಯಲ್ಲಿ, ಭಾರದ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಸರದಿಗಾಗಿ ಕಾದಿರುವ ಔಷಧ ಕಂಪೆನಿಯ ಪ್ರತಿನಿಧಿಯ ಕೊರಳಲ್ಲಿ. ಹಾಗೆ ಕುಳಿತವರಲ್ಲಿ ನಮ್ಮವರೂ ಎಷ್ಟೋ ಮಂದಿ. ಬಿಸಿಲಲ್ಲಿ ಕಲ್ಯಾಣದಿಂದ ವಿರಾರಿನವರೆಗೆ ಅಲೆಯುವ ಅವರನ್ನು ಕಂಡಾಗಲೆಲ್ಲ ನನಗೆ, ಟೈ ಕಟ್ಟಿದವರೆಲ್ಲ ಸಾಹೇಬರೆಂದು ಊರಿನಲ್ಲಿ ನಂಬಿರುವ ತಂದೆತಾಯಿಗಳ ನೆನಪಾಗುತ್ತದೆ. ಕಂಪೆನಿ ಜಗತ್ತಿನ ಒಳಗನ್ನು ಬಲ್ಲ ಯಶವಂತ ಚಿತ್ತಾಲರು ಈ ಊರಿನಲ್ಲಿದ್ದುಕೊಂಡೇ ‘ಶಿಕಾರಿ’ಯನ್ನು ಬರೆದು ೧೯೭೯ರಲ್ಲಿ ಆ ನಂಬಿಕೆಯನ್ನು ಚೆನ್ನಾಗಿ ಅಲುಗಿಸಿದರು.

ಇನ್ನು ಚಿನ್ನದ ವಿಷಯ. ಮಗನಿಗೆ ಒಳ್ಳೆಯ ನೌಕರಿ ಸಿಕ್ಕಾಗಲೋ ಅಳಿಯನಿಗೆ ಉಡುಗೊರೆ ಕೊಡುವಾಗಲೋ ಝವೇರಿ ಬಜಾರಿನಲ್ಲಿ ಟೈ ಪಿನ್ನು ಮಾಡಿಸುವ ಪದ್ಧತಿ ನಮ್ಮಲ್ಲಿ ಒಂದು ಕಾಲಕ್ಕೆ ಇತ್ತು. ೧೯೬೩ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದು, ಹದಿನಾಲ್ಕು ಕ್ಯಾರಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಕೂಡದೆಂದಾಯಿತು. ಅಕ್ಕಸಾಲಿಗರ ಬದುಕಿಗೆ ಅದರಿಂದ ದೊಡ್ಡ ಪೆಟ್ಟು ಬಿತ್ತು. ನಿಯಂತ್ರಣದ ಕಾಯಿದೆ ಪೂರ್ತಿಯಾಗಿ ರದ್ದಾದದ್ದು ೧೯೯೦ರಲ್ಲಿ. ಆದರೆ ವಿಚಿತ್ರ ನೋಡಿ: ಯಾರಿಗೂ ಬೇಡವಾಗಿದ್ದ ಆ ಹದಿನಾಲ್ಕು ಕ್ಯಾರಟ್ಟಿನ ಚಿನ್ನವೇ ಟೈ ಪಿನ್ನಿಗೆ ಸರಿಯಾದುದು. ಇಪ್ಪತ್ತೆರಡು ಕ್ಯಾರಟ್ಟಿನದು ಮೆತು, ಕಚ್ಚಿ ಹಿಡಿಯಬೇಕಾದ ಕ್ಲಿಪ್ಪು ಕೆಲವು ದಿನಗಳಲ್ಲೇ ಬಾಯಿ ಬಿಡುತ್ತದೆ. ತಾಮ್ರ ಬೆಳ್ಳಿಗಳು ಹೆಚ್ಚು ಬೆರೆತದ್ದು ಗಟ್ಟಿ, ಅದರ ಹಿಡಿತ ಬಾಳುತ್ತದೆ. ಹಿತ್ತಾಳೆಗೆ ನೀರುಗೊಟ್ಟದ್ದಾದರೆ ಇನ್ನೂ ಗಟ್ಟಿ. ಅದನ್ನು ಕಳೆದುಕೊಂಡರೆ ಮನೆಯಲ್ಲಿ ಮಾತು ಕೇಳಬೇಕಾಗಿಯೂ ಇಲ್ಲ.

ಅಂಗಡಿಯ ಪಿನ್ನು ಬೇಕಾದವರಿಗೆ ಈ ನಗರದಲ್ಲಿ ಕೊರತೆಯಿಲ್ಲ. ಈಗ ಅಂಗಿಗಳಿಗೆ ಹೆಸರಾದ ಜೋಡಿಯಾಕ್ ಕಂಪೆನಿ ೧೯೫೪ರಲ್ಲಿ ಇಲ್ಲೇ ಶುರುವಾದದ್ದು ಟೈ ತಯಾರಿಸುವುದರಿಂದ. ಹಳೆಯದರ ಹುಚ್ಚಿರುವವರು ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕಣ್ಣಾಡಿಸಬಹುದು. ಚುನಾವಣೆಗೂ ಈ ಪುಟ್ಟ ವಸ್ತು ನಿಂತದ್ದುಂಟು. ೧೯೬೦ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತ ಕೆನಡಿಯವರ ಕಡೆಯವರು, ಮಹಾಯುದ್ಧದಲ್ಲಿ ಅವರು ನಡೆಸಿದ್ದ ಪಿಟಿ ೧೦೯ ಎಂಬ ದೋಣಿಯ ಆಕಾರದ ಟೈ ಪಿನ್ನುಗಳನ್ನು ಹಂಚಿದ್ದರು. ನಮ್ಮ ಅಭ್ಯರ್ಥಿಗಳು ಹಂಚುವ ವಸ್ತುಗಳಿಗೆ ಹೋಲಿಸಿದರೆ ತೀರ ಸಾತ್ವಿಕವಾದುದು.

ತೊಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೊದಲ ಸಂದರ್ಶನಕ್ಕೆ ಹೊರಟ ಹುಡುಗನಿಗೆ ಇದನ್ನು ಹೇಳುವವರು ಕಡಿಮೆ. ಅಂಗಿಯ ಮೂರನೆಯ ನಾಲ್ಕನೆಯ ಗುಂಡಿಗಳ ನಡುವೆ, ಅಡ್ಡಲಾಗಿ, ಓರೆಯಿಲ್ಲದೆ ಸಿಕ್ಕಿಸಬೇಕು. ಟೈಯ ಎರಡೂ ಪದರಗಳ ಜೊತೆಗೆ ಅಂಗಿಯ ಗುಂಡಿಪಟ್ಟಿಯನ್ನೂ ಅದು ಕಚ್ಚಿರಬೇಕು. ಎಷ್ಟೋ ಮಂದಿ ಟೈಯನ್ನು ಟೈಗೇ ಸಿಕ್ಕಿಸಿ, ಅದು ಯಾಕೆ ಜೋಲುತ್ತದೆಂದು ಆಶ್ಚರ್ಯಪಡುತ್ತಾರೆ. ಕ್ಲಿಪ್ಪಿನ ಉದ್ದ ಟೈಯ ಅಗಲವನ್ನು ಮೀರಬಾರದು, ಮುಕ್ಕಾಲಿನಷ್ಟಿದ್ದರೆ ಚೆನ್ನ. ಸಿಕ್ಕಿಸಿದ ಮೇಲೆ ಗಂಟಿನ ಕೆಳಗೆ ಟೈಯನ್ನು ಒಂದಿಷ್ಟು ಮೇಲಕ್ಕೆ ಸಡಿಲಿಸಿಕೊಂಡರೆ, ಕತ್ತು ತಿರುಗಿಸಿದಾಗ ಎಳೆಯುವುದಿಲ್ಲ. ವೇಸ್ಟ್‌ಕೋಟು ಇದ್ದರೆ ಪಿನ್ನು ಬೇಡ. ರೇಷ್ಮೆ ಟೈಗೆ ಚುಚ್ಚುವ ಜಾತಿಯನ್ನು ಬಳಸಬಾರದು, ತೂತು ಉಳಿಯುತ್ತದೆ.

ಹೊರಗೆ ಕಾಣುವುದೇ ಬೇಡ ಎನ್ನುವವರಿಗೆ ಮನೆಯಲ್ಲೇ ಒಂದು ಉಪಾಯವಿದೆ. ಟೈಯ ಅಗಲ ತುದಿಯ ಹಿಂಬದಿಯಲ್ಲಿ ಬಟ್ಟೆಯ ಒಂದು ಅಡ್ಡ ಕುಣಿಕೆ ಇರುತ್ತದಷ್ಟೆ. ಕಿರಿ ತುದಿಯನ್ನು ತೂರಿಸುವುದು ಅದರೊಳಗೇ. ಅಂಗಿಯದೇ ಬಣ್ಣದ ಬಟ್ಟೆಯಲ್ಲಿ ಬೆರಳಗಲದ ಒಂದು ಪಟ್ಟಿ ಹೊಲಿಯಿರಿ. ಅಂಗಿಯ ಎರಡು ಗುಂಡಿಗಳ ನಡುವಿನ ಅಂತರವನ್ನು ಅಳೆದು, ಅಷ್ಟೇ ಅಂತರದಲ್ಲಿ ಪಟ್ಟಿಯ ಎರಡು ತುದಿಗಳಿಗೆ ಗುಂಡಿತೂತು ತೆಗೆಯಿರಿ. ಟೈ ಕಟ್ಟಿದ ಮೇಲೆ ಪಟ್ಟಿಯನ್ನು ಆ ಕುಣಿಕೆಯೊಳಗಿಂದ ಮೇಲಿನಿಂದ ಕೆಳಕ್ಕೆ ತೂರಿಸಿ, ಕುಣಿಕೆಯ ಮೇಲಿನ ಗುಂಡಿಗೊಂದು, ಕೆಳಗಿನ ಗುಂಡಿಗೊಂದು ತುದಿ ಹಾಕಿದರೆ ಮುಗಿಯಿತು. ಕೂತರೂ ಎದ್ದರೂ ಬಗ್ಗಿದರೂ ಟೈ ಮೇಲೆ ಕೆಳಗೆ ಸರಿದೀತೇ ಹೊರತು ಹಾರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಇದು ಬಹಳ ಅನುಕೂಲ. ಕಳೆದುಹೋದರೂ ಅಜ್ಜಿ ಇನ್ನೊಂದು ಹೊಲಿದಾಳು. ಪೇಟೆಯಲ್ಲಿ ಸಿಗುವ ಅಯಸ್ಕಾಂತದ ಗುಪ್ತ ಪಿನ್ನೂ ಚೊಕ್ಕವಾದುದೇ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಅದನ್ನು ಮುಟ್ಟಲೇಬಾರದು. ಅಯಸ್ಕಾಂತವನ್ನು ಆ ಯಂತ್ರದಿಂದ ಕನಿಷ್ಠ ಹದಿನೈದು ಸೆಂಟಿಮೀಟರ್ ದೂರವಿಡಬೇಕೆಂದು ವೈದ್ಯರು ಹೇಳುತ್ತಾರೆ. ಟೈ ಪಿನ್ನು ಇರುವುದೇ ಎದೆಯ ಮೇಲೆ.

ಆಫೀಸುಗಳು ಈಗ ಟೈಯನ್ನು ಒಂದೊಂದಾಗಿ ಕೈಬಿಡುತ್ತಿವೆ, ೨೦೨೦ರಲ್ಲಿ ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲಂತೂ ಹೆಚ್ಚು. ವಕೀಲರಲ್ಲಿ ಅದು ಇನ್ನೂ ನಿಯಮದೊಳಗಿದೆ: ಉಚ್ಚ ನ್ಯಾಯಾಲಯದಲ್ಲಿ, ಜಿಲ್ಲಾ ನ್ಯಾಯಾಲಯದಲ್ಲಿ ಬಿಳಿಯ ಬ್ಯಾಂಡು ಬೇಕು, ಅದಕ್ಕೂ ಕೆಳಗಿನ ಕೋರ್ಟುಗಳಲ್ಲಿ ಅದರ ಬದಲು ಕರಿಯ ಟೈ ನಡೆಯುತ್ತದೆ. ಹಳೆಯ ಪಿನ್ನನ್ನು ಮಾತ್ರ ಕರಗಿಸಲು ಕೊಡಬೇಡಿ. ತೂಗಿದರೆ ಅದರಲ್ಲಿ ಚಿನ್ನ ಬಹಳ ಸಿಗುವುದಿಲ್ಲ. ಮೆತ್ತಗಿನ ಬಟ್ಟೆಯನ್ನು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿ, ಸ್ಪ್ರಿಂಗಿನ ಮೂಲೆಯಲ್ಲಿ ತೇವ ನಿಲ್ಲದಂತೆ ಒಣಗಿಸಿದರೆ ಮತ್ತೆ ಹೊಳೆಯುತ್ತದೆ. ಸೀರೆಯ ಸೆರಗಿನ ನೆರಿಗೆಗಳನ್ನು ಹೆಗಲಿನ ಮೇಲೆ ಒಟ್ಟಾಗಿ ಹಿಡಿಯಲು ಅಜ್ಜನ ಕ್ಲಿಪ್ಪು ಸೇಫ್ಟಿ ಪಿನ್ನಿಗಿಂತ ಚೆನ್ನಾಗಿ ಒದಗುತ್ತದೆ, ಬಟ್ಟೆಯೂ ಹರಿಯುವುದಿಲ್ಲ. ನೌಕರಿಗೆ ಹೋಗುವ ಮೊಮ್ಮಗಳಿದ್ದರೆ ಅವಳ ಕೈಗೆ ಕೊಟ್ಟು ನೋಡಿ.